ಮೊಟ್ಟೆ ಬೇಡದ ಲಸಿಕೆ

ಇಬ್ಬರೂ ಸೇರಿ ಕಟ್ಟಿದ ಕೋಳಿ ಫಾರಂನಿಂದ ಅಣ್ಣ ತಮ್ಮನನ್ನು ಉಟ್ಟ ಬಟ್ಟೆಯಲ್ಲೇ ಹೊರಗೆ ಹಾಕಿದ್ದ. ಆ ಫಾರಂನ ಮೊಟ್ಟೆಗಳೆಲ್ಲ ಹೋಗುತ್ತಿದ್ದದ್ದು ಒಂದೇ ಕಡೆಗೆ, ಮೊಟ್ಟೆಯೊಳಗೆ ವೈರಸ್ ಬೆಳೆಸಿ ಜ್ವರದ ಲಸಿಕೆ ಮಾಡುವ ಕಾರ್ಖಾನೆಗೆ. ತಮ್ಮ ಹಟ ಹಿಡಿದು ಓದಿ, ಅದೇ ಕಾರ್ಖಾನೆಯ ಪ್ರಯೋಗಾಲಯ ಸೇರಿದ. ಅಣ್ಣನ ಮೊಟ್ಟೆಯ ಲಾರಿ ಗೇಟಿನೊಳಗೆ ಬಂದಾಗಲೆಲ್ಲ ಹಲ್ಲು ಕಚ್ಚಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದ.

ಇವತ್ತು, ಎಷ್ಟೋ ವರ್ಷಗಳ ಮೇಲೆ, ಅಣ್ಣನ ಮನೆಯ ಹೊಸ್ತಿಲು ತುಳಿದ. ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಇತ್ತು. ಅಣ್ಣನ ಮುಖ ಬಾಡುವುದನ್ನು ಅವನು ಕಣ್ಣಾರೆ ನೋಡಬೇಕಿತ್ತು.

"ಬಾಯಿ ಸಿಹಿ ಮಾಡ್ಕೊ ಅಣ್ಣ. ಇನ್ಮೇಲೆ ನಮ್ಮ ಲಸಿಕೆಗೆ ಮೊಟ್ಟೆ ಬೇಡ. ಹೊಗೆಸೊಪ್ಪಿನ ಜಾತಿ ಗಿಡದ ಎಲೇಲೇ ಲಸಿಕೆ ಬೆಳೆಸ್ತೀವಿ. ಕಂಡುಹಿಡಿದೋನು ನಾನೇ."

ಅಣ್ಣ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ಹಂಗಾದ್ರೆ ಫಾರಂ ಕಥೆ?"

"ಮುಗೀತು. ಆ ಮೊಟ್ಟೆ ಕೇಳೋರು ಇನ್ನು ಯಾರೂ ಇಲ್ಲ. ಬಾಗಿಲು ಹಾಕ್ಕೊಂಡು ಬೀದಿಗೆ ಬರಬೇಕು, ಅವತ್ತು ನಾನು ಬಂದ ಹಂಗೆ."

"ನಿನ್ನ ಮಗ ನಿಂಗೆ ಏನೂ ಹೇಳ್ಲಿಲ್ವೇನೋ?"

"ಅವನ ಮಾತು ಎತ್ತಬೇಡ. ನಿನ್ನ ಮೇಲೆ ಅವನಿಗೆ ನನಗಿಂತ ಜಾಸ್ತಿ ಉರಿ."

"ಗೊತ್ತು ಕಣೋ," ಎಂದು ಅಣ್ಣ ಇನ್ನೊಂದು ತುಂಡಿಗೆ ಕೈಹಾಕಿದ. "ಆ ಉರೀಲೇ ಅಲ್ವಾ, ಹೋದ ವಾರ ಹೆಂಡ್ತಿ ಒಡವೇನೂ ಬಿಡದೆ ಮಾರಿ ನನ್ನಿಂದ ಫಾರಂ ಕೊಂಡ್ಕೊಂಡಿದ್ದು. ಅಪ್ಪನ ಕೈಗೆ ಬೀಗದಕೈ ಕೊಡೋವರೆಗೂ ಹೇಳ್ಬೇಡಿ ದೊಡ್ಡಪ್ಪ, ಅಂದಿದ್ದ."