ಐದು ಕೆಜಿ ಮೀರದ ಮನುಷ್ಯ

"ಇಪ್ಪತ್ತರ ಹುಡುಗನ ಹೃದಯ ಕಣ್ರೀ ನಿಮ್ಮದು!" ಎಂದು ಡಾಕ್ಟರ್ ಶಶಿಕಿರಣ್ ಬೆನ್ನು ತಟ್ಟಿದ್ದೇ ತಡ, ಇಸಿಜಿ ಮಂಚದ ಮೇಲೆ ಕೂತಿದ್ದ ಪುಟ್ಟರಾಜು ಮದುವೆ ಗಂಡಿನಂತೆ ನಾಚಿಕೊಂಡ. ಬೈಪಾಸ್ ಆಗಿ ಹತ್ತು ವರ್ಷ ತುಂಬಿದವರು ಹೇಗಿದ್ದಾರೆಂದು ಬರೆದಿಟ್ಟುಕೊಳ್ಳಲು ಹಾಸನದ ಆ ಆಸ್ಪತ್ರೆಯವರು ಒಬ್ಬೊಬ್ಬರನ್ನೇ ಕರೆಸುತ್ತಿದ್ದರು. ಇವನು ಇಸ್ತ್ರಿ ಪಂಚೆ ಉಟ್ಟು, ಸೆಂಟು ಬಳಿದುಕೊಂಡು ಅರಕಲಗೂಡು ಬಸ್ಸಿನಲ್ಲಿ ಬಂದಿಳಿದಿದ್ದ.

ಲಿಫ್ಟು ರೋಗಿಗಳಿಗೆ ಮಾತ್ರ. ಆದ್ದರಿಂದ ರೋಗಿ ಲಿಫ್ಟಿನಲ್ಲಿ ಬಂದ. ಅವನ ಫೈಲು, ಬಿಸಿನೀರಿನ ಫ್ಲಾಸ್ಕು, ಶಾಲು ತುಂಬಿದ ಚೀಲ ಹೊತ್ತು ಹೆಂಡತಿ ದೊಡ್ಡತಾಯಮ್ಮ ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯಲ್ಲೇ ಮಗ ಸಂಜಯ್ ಚೀಲ ಕಿತ್ತುಕೊಂಡ. ಆದರೂ ಅವಳು ತಿರುವು ತಿರುವಿಗೂ ಗೋಡೆ ಹಿಡಿದು ನಿಂತಳು. "ಏನಿಲ್ಲ ಕಣ್ಲಾ, ಗ್ಯಾಸು," ಅಂದಳು.

"ದಿನಾ ಏನು ಕೆಲಸ ಮಾಡ್ತೀರಿ?" ಡಾಕ್ಟರು ಪೆನ್ನು ಹಿಡಿದು ಕೇಳಿದರು.

"ಕೆಲ್ಸವಾ? ಎದೆ ಕುಯ್ಸಿದ ಮನ್ಸ ಸಾ ನಾನು! ಐದು ಕೇಜಿ ಮ್ಯಾಲೆ ಎತ್ತಬ್ಯಾಡ ಅಂತ ನೀವೇ ಅಂದಿದ್ರಲ್ಲ. ಇವತ್ತಿನ ತನಕ ಒಂದು ಬಿಂದಿಗೆ ನೀರು ಎತ್ತಿಲ್ಲ."

ಪೆನ್ನು ನಿಂತಿತು. "ಅಲ್ರೀ, ಅದು ಮೂರು ತಿಂಗಳಿಗೆ ಹೇಳಿದ್ದು! ಎದೆಮೂಳೆ ಕೂಡೋವರೆಗೆ!"

"ಗೊತ್ತು ಸಾ. ವಸಿ ಜಾಸ್ತಿನೇ ಪಾಲಿಸ್ದೆ," ಎಂದು ಪುಟ್ಟರಾಜು ಹಲ್ಲು ಕಿರಿದ.

ಗೊತ್ತಿತ್ತಂತೆ! ಸಂಜಯ್‌ನ ಕಿವಿ ಕಾದವು. ಅಪ್ಪನಿಗೆ ಆಗುವುದಿಲ್ಲವಲ್ಲ ಎಂದು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ಅವನು. ಯೂರಿಯಾ ಮೂಟೆ, ಜೋಳದ ಮೂಟೆ, ಹೊಗೆಸೊಪ್ಪಿನ ಹೊರೆ, ಯಾವುದಿರಲಿ, ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಅವ್ವ. ಅಷ್ಟು ಹೊತ್ತಿಗೆ ಈ ಮಹಾಶಯ ಟೀ ಅಂಗಡಿ ಬೆಂಚಿನ ಮೇಲೆ ಅಂಗಿ ಗುಂಡಿ ಬಿಚ್ಚಿ, ಯುದ್ಧದಿಂದ ಬಂದವನ ಹಾಗೆ ಎದೆಯ ಹೊಲಿಗೆ ತೋರಿಸುತ್ತಾ ಕೂತಿರುತ್ತಿದ್ದ.

"ಇವರ ಪಾಲಿನ ಭಾರ ಯಾರು ಎತ್ತುದ್ರು ಅಂತ ಬರ್ಕೊಳಕೆ ಜಾಗ ಐತಾ ಸಾ ನಿಮ್ಮ ಫಾರಮ್ಮಲ್ಲಿ?" ಎಂದು ಸಂಜಯ್ ಕೇಳಿದ.

"ಲೇ, ದೊಡ್ಡೋರ ಮುಂದೆ ಬಾಯಿ ಬಡ್ಕಬ್ಯಾಡ! ಒಂಬತ್ತನೇ ಕ್ಲಾಸಿನ ಬಾಗ್ಲು ಕಂಡಿಲ್ಲ, ಫಾರಂ ಓದಕ್ಕೆ ಬಂದ್ಬುಟ್ಟ."

"ಏಳಪ್ಪ ನೀನು. ಮಂಚ ಬಿಡು." ಸಂಜಯ್ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದ. "ಸಾ, ನಮ್ಮವ್ವಂಗೊಂದು ಸಲ ಆ ವೈರು ಹಾಕಿ. ಎರಡು ತಿಂಗ್ಳಿಂದ ನಾಕೆಜ್ಜೆ ಇಟ್ರೆ ಏದುಸ್ರು ಬಿಡ್ತಾವ್ಳೆ."

"ನಂಗ್ಯಾಕ್ಲಾ ಅದೆಲ್ಲ? ಕಾಯಿಲೆಯೋರು ಅವ್ರು," ಎಂದು ದೊಡ್ಡತಾಯಮ್ಮ ಬಾಗಿಲ ಕಡೆ ಸರಿದಳು.

"ಅವ್ಳಿಗೇನಾಯ್ತದೆ ಸಾ? ಕಲ್ಲುಗುಂಡು!" ಪುಟ್ಟರಾಜು ನಕ್ಕ.

ಡಾಕ್ಟರ ಕಣ್ಣು ಅವಳ ಪಾದದ ಮೇಲೆ ಬಿದ್ದಿತ್ತು. ಊದಿದ ಪಾದದಲ್ಲಿ ಚಪ್ಪಲಿಯ ಬಾರು ಹೂತುಹೋಗಿತ್ತು. "ಎರಡು ನಿಮಿಷ ಅಲ್ಲಾಡದೆ ಮಲಗಿ ತಾಯಿ," ಎಂದರು. ನರ್ಸು ವೈರು ಅಂಟಿಸಿದಳು. ಎಷ್ಟು ವರ್ಷವಾಗಿತ್ತೋ ಹಗಲು ಹೊತ್ತು ಬೆನ್ನು ನೆಲ ಮುಟ್ಟಿ! ಯಂತ್ರ ಚೀಟಿ ಕಕ್ಕಿ ಮುಗಿಸುವಷ್ಟರಲ್ಲಿ ದೊಡ್ಡತಾಯಮ್ಮ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಡಾಕ್ಟರು ಚೀಟಿಯನ್ನು ಬೆಳಕಿಗೆ ಹಿಡಿದರು. ಇನ್ನೊಮ್ಮೆ ನೋಡಿದರು. "ಐಸಿಯುನಲ್ಲಿ ಬೆಡ್ ಖಾಲಿ ಇದೆಯಾ ಕೇಳು, ಬೇಗ," ಎಂದು ನರ್ಸಿಗೆ ಮೆಲ್ಲಗೆ ಹೇಳಿದರು. ಸಂಜಯ್ ಅವ್ವನ ಒರಟು ಅಂಗೈ ಹಿಡಿದುಕೊಂಡ.

ಪುಟ್ಟರಾಜು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದ. ಗೊರಕೆ ಕೇಳಿ ತಿರುಗಿದವನಿಗೆ ನಗು ತಡೆಯಲಾಗಲಿಲ್ಲ.

"ನೋಡುದ್ರಾ ಸಾ? ಮಂಚ ಸಿಕ್ಬುಟ್ರೆ ಸಾಕು, ಬಿದ್ಕಬುಡ್ತಾಳೆ. ಶುದ್ಧ ಸೋಂಬೇರಿ!"