ಶುಕ್ರವಾರವೇ ಬಂದ ಕರಪತ್ರ

ಶುಕ್ರವಾರ ಅಂಚೆಪೆಟ್ಟಿಗೆಗೆ ಕೈ ಹಾಕಿದ ವರ್ನಾ ಗೋರಮ್‌ಗೆ ಸಿಕ್ಕಿದ್ದು ಒಂದು ಬಣ್ಣದ ಕರಪತ್ರ. ಅದರಲ್ಲಿ ಸಂಸದ ಡ್ವೇನ್ ಹಾಪ್ಕಿನ್ಸ್ ಹಲ್ಲು ಬಿಟ್ಟು ನಗುತ್ತಿದ್ದ. ನಗು ಅವನದೇ, ಮೇಲಿದ್ದ ಹೆಸರು ಮಾತ್ರ ಎದುರು ಪಕ್ಷದ್ದು. ಕೆಳಗೆ ‘ನಮ್ಮ ಬಳಗಕ್ಕೆ ಸ್ವಾಗತ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅವಳು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಎದುರು ಮನೆಯ ಮರ್ಟನ್ ನಿಕರ್ಸನ್ ತನಗೆ ಬಂದ ಪ್ರತಿ ಹಿಡಿದುಕೊಂಡು ರಸ್ತೆ ದಾಟಿ ಬಂದ.

“ಏನೇ ಇದು ಮಾರಾಯ್ತಿ? ನೀನು ನನ್ನ ಬಾಗಿಲಿಗೆ ಬಂದು ಹೇಳಿದ್ದಕ್ಕೆ ತಾನೇ ಇವನಿಗೆ ವೋಟು ಹಾಕಿದ್ದು?”

ಅದು ಸುಳ್ಳಲ್ಲ. ಕಳೆದ ಚುನಾವಣೆಯಲ್ಲಿ ವರ್ನಾ ಮುನ್ನೂರ ನಲವತ್ತು ಮನೆಗಳ ಮೆಟ್ಟಿಲು ಹತ್ತಿದ್ದಳು. ಇವನಿಗೆ ನಾನು ಹೊಣೆ ಎಂದು ಪ್ರತಿ ಬಾಗಿಲಲ್ಲೂ ಹೇಳಿದ್ದಳು. ಡ್ವೇನ್ ಗೆದ್ದದ್ದು ಇನ್ನೂರ ಹನ್ನೊಂದು ಮತಗಳಿಂದ. ಅವಳು ಮರ್ಟನ್ನನ ಎದುರಿಗೇ ಡ್ವೇನ್‌ಗೆ ಫೋನು ಮಾಡಿದಳು. ಡ್ವೇನ್ ನಕ್ಕುಬಿಟ್ಟ. ಎದುರಾಳಿಗಳ ಕಿತಾಪತಿ ಅದು, ಊರವರಿಗೂ ಹಾಗೇ ಹೇಳಿಬಿಡಿ ಎಂದ. ಆ ನಗು ಒಂದು ಗಳಿಗೆ ತಡವಾಗಿ ಬಂತು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅನ್ನಿಸಿದ್ದನ್ನು ನುಂಗಿಕೊಂಡು ಶನಿವಾರ, ಭಾನುವಾರ ಎರಡೂ ದಿನ ಚಳಿಗಾಳಿಯಲ್ಲಿ ಮನೆಮನೆ ಸುತ್ತಿ, ಕರಪತ್ರ ಸುಳ್ಳು ಎಂದು ಹೇಳಿ ಬಂದಳು.

ಸೋಮವಾರ ಲಾಬ್‌ಸ್ಟರ್ ಸಿಗಡಿ ಹಿಡಿಯುವ ಬೋನುಗಳನ್ನು ಕಡಲಿಗಿಳಿಸುವ ಮೊದಲ ದಿನ. ಬೆಳಕು ಹರಿಯುವ ಮೊದಲೇ ಊರಿಗೆ ಊರೇ ದಕ್ಕೆಯಲ್ಲಿ ನೆರೆದು, ಬೋನು ಪೇರಿಸಿಕೊಂಡ ದೋಣಿಗಳನ್ನು ಕಳಿಸಿಕೊಟ್ಟಿತ್ತು. ಕಳಿಸಲು ಬಂದವರು ಕಾಫಿ ಕುಡಿಯುತ್ತ ಅಲ್ಲೇ ನಿಂತಿದ್ದಾಗ, ಹತ್ತು ಗಂಟೆಯ ಹೊತ್ತಿಗೆ ಯಾರದೋ ಟ್ರಕ್ಕಿನ ರೇಡಿಯೋ ಸುದ್ದಿ ಹೇಳಿತು. ರಾಜಧಾನಿ ಒಟ್ಟಾವಾದಲ್ಲಿ ಡ್ವೇನ್ ಹಾಪ್ಕಿನ್ಸ್ ಪಕ್ಷ ಬಿಟ್ಟು ಎದುರು ಸಾಲಿಗೆ ಹೋಗಿ ಕೂತಿದ್ದ. ನಿನ್ನೆಯಷ್ಟೇ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ತೀರ್ಮಾನಿಸಿದೆ ಎಂದು ಅವನದೇ ದನಿ ಹೇಳುತ್ತಿತ್ತು. ಕರಪತ್ರದ ಕಟ್ಟು ಹಂಚಬೇಕಾಗಿದ್ದದ್ದು ಈ ಸೋಮವಾರವೇ. ಸೋಮವಾರ ಗಂಡನ ದೋಣಿ ಹತ್ತಬೇಕಿದ್ದ ಅಂಚೆಯವಳು ಇದ್ದಬದ್ದದ್ದನ್ನೆಲ್ಲ ಶುಕ್ರವಾರವೇ ಹಂಚಿ ಕೈತೊಳೆದುಕೊಂಡಿದ್ದಳು. ಇಂಥ ದಿನ ಬ್ಯಾರಲ್ ಕೋವ್‌ನಂಥ ಮೀನುಗಾರರ ಊರಿನಲ್ಲಿ ಕಾಗದ ಹಂಚಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ ಎಂಬುದು ರಾಜಧಾನಿಯ ಜಾಣರಿಗೆ ಹೊಳೆದಿರಲಿಲ್ಲ.

ಯಾರೂ ವರ್ನಾಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲ್ಲರೂ ಅವಳನ್ನೊಮ್ಮೆ ನೋಡಿ ಕಡಲ ಕಡೆಗೆ ಮುಖ ತಿರುಗಿಸಿದರು. ಮರ್ಟನ್ ಮಾತ್ರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: “ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?” ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಟುಹೋದ. ನಲವತ್ತು ವರ್ಷ ಊರಿನ ಮಕ್ಕಳನ್ನು ಶಾಲೆಯ ಬಸ್ಸಿನಲ್ಲಿ ಒಯ್ದು ತಂದು ಗಳಿಸಿದ ನಂಬಿಕೆ ಒಂದು ಬೆಳಗಿನಲ್ಲಿ ಹೋಗಿತ್ತು.

ಮರುದಿನ ಅವಳು ವಾರಪತ್ರಿಕೆಯ ಕಚೇರಿಗೆ ಹೋದಳು. ಸಂಪಾದಕ ಎವರೆಟ್ ಕ್ರೋವೆಲ್ ಅವಳ ಬಸ್ಸಿನಲ್ಲೇ ಓಡಾಡಿ ದೊಡ್ಡವನಾದವನು. ಬುಧವಾರದ ಸಂಚಿಕೆಗೆ ಅವನು ಬರೆದಿದ್ದ ಸಂಪಾದಕೀಯ ಮೇಜಿನ ಮೇಲಿತ್ತು. ನಿದ್ದೆಗೆಟ್ಟ ಒಂದು ರಾತ್ರಿಯಲ್ಲಿ ಸಂಸದರು ಕೈಗೊಂಡ ದಿಟ್ಟ ನಿರ್ಧಾರವನ್ನು ಅದು ಕೊಂಡಾಡುತ್ತಿತ್ತು. ವರ್ನಾ ಅದರ ಮೇಲೆ ಕರಪತ್ರವನ್ನಿಟ್ಟು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿದ್ದ ಅಚ್ಚುಕೂಟದ ಹೆಸರಿನ ಮೇಲೆ ಬೆರಳೂರಿದಳು. ಆ ಅಚ್ಚುಕೂಟ ಇದ್ದದ್ದು ಅದೇ ಕಚೇರಿಯ ಹಿತ್ತಲಲ್ಲಿ, ಎವರೆಟ್‌ನದೇ.

“ಇದನ್ನ ಯಾವಾಗ ಅಚ್ಚು ಹಾಕಿದೆ?”

ಅವನು ಕನ್ನಡಕ ತೆಗೆದು ಒರೆಸಿದ. “ಮೂರು ವಾರ ಆಯ್ತು. ಗಿರಾಕಿ ಗುಟ್ಟು ಬಿಟ್ಟುಕೊಡೋದು ನಮ್ಮ ಕಸುಬಲ್ಲ, ವರ್ನಾ. ನಿಮಗೆ ಗೊತ್ತಿಲ್ವೇ?”

“ಹಿತ್ತಲಲ್ಲಿ ಅಚ್ಚು ಹಾಕೋನೂ ನೀನೇ, ಇಲ್ಲಿ ಕೂತು ನಿದ್ದೆಗೆಟ್ಟ ರಾತ್ರಿ ಅಂತ ಬರೆಯೋನೂ ನೀನೇ. ನಾನು ಮಾತ್ರ ಊರಿಗೆಲ್ಲ ಸುಳ್ಳಿ ಆಗ್ಬೇಕಾ?”

ಅವಳು ಪತ್ರಿಕೆಯಲ್ಲಿ ಹಾಕಿಸಲೆಂದು ತಂದ ಪತ್ರವನ್ನು ಜೇಬಿನಿಂದ ತೆಗೆದಳು. ಶುಕ್ರವಾರ ಡ್ವೇನ್‌ನನ್ನು ಕೇಳಿದ್ದು, ಅವನು ಇಲ್ಲವೆಂದದ್ದು, ಅದನ್ನೇ ನಂಬಿ ತಾನು ಊರಿಗೆ ಹೇಳಿದ್ದು, ಎಲ್ಲವನ್ನೂ ಹನ್ನೆರಡು ಸಾಲಿನಲ್ಲಿ ಬರೆದು ತಂದಿದ್ದಳು. ಅವನು ಓದಿದ. ಬೇಡವೆನ್ನುತ್ತಾನೆ ಎಂದುಕೊಂಡು ಅವಳು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ಅವನೋ ತಲೆಯಾಡಿಸಿ, ನಾಳೆಯೇ ಹಾಕುತ್ತೇನೆ, ಒಂದಕ್ಷರವನ್ನೂ ಕತ್ತರಿಸುವುದಿಲ್ಲ ಎಂದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂಬ ಗುಮಾನಿ ದಾರಿಯುದ್ದಕ್ಕೂ ಅವಳನ್ನು ಕೊರೆಯಿತು.

ಎವರೆಟ್ ಮಾತಿಗೆ ತಪ್ಪಲಿಲ್ಲ. ಬುಧವಾರ ನಾಲ್ಕನೇ ಪುಟದಲ್ಲಿ ಪತ್ರ ಇದ್ದ ಹಾಗೇ ಬಂದಿತ್ತು, ಅಂಗೈಯಗಲದ ಜಾಗದಲ್ಲಿ. ಅದರ ಮೇಲೆ ಅರ್ಧ ಪುಟದ ಒಂದು ಫೋಟೋ. ಚುನಾವಣೆ ಗೆದ್ದ ದಿನದ್ದು. ಡ್ವೇನ್‌ನ ತೋಳು ವರ್ನಾಳ ಹೆಗಲ ಮೇಲಿತ್ತು, ಇಬ್ಬರೂ ಬಾಯ್ತುಂಬ ನಗುತ್ತಿದ್ದರು. ಅಡಿಯಲ್ಲಿ, ‘ಸಂಸದ ಹಾಪ್ಕಿನ್ಸ್, ತಮ್ಮ ಬಲಗೈ ವರ್ನಾ ಗೋರಮ್ ಅವರೊಂದಿಗೆ’ ಎಂದಿತ್ತು.

ಅವಳು ಪತ್ರಿಕೆ ಮಡಚಿಕೊಂಡು ರಸ್ತೆ ದಾಟಿ ಮರ್ಟನ್‌ನ ಬಾಗಿಲು ತಟ್ಟಿದಳು. ಕೆಳಗಿರೋದನ್ನ ಓದು ಎಂದು ಪುಟ ತೆರೆದು ಕೈಗಿತ್ತಳು. ಅವನು ಹೊಸ್ತಿಲಲ್ಲೇ ನಿಂತು, ಫೋಟೋದಿಂದ ಕಣ್ಣು ಕೆಳಗಿಳಿಸದೆ, ತುಂಬ ಹೊತ್ತು ನೋಡಿದ. ಆಮೇಲೆ ಪತ್ರಿಕೆಯನ್ನು ಅವಳಿಗೇ ಮರಳಿಸಿದ.

“ಫೋಟೋದಲ್ಲಿ ಚೆನ್ನಾಗಿ ಬಂದಿದ್ದೀಯ,” ಎಂದು ಬಾಗಿಲು ಹಾಕಿಕೊಂಡ.