ಗುರುವಾರದ ಸಮ್ಮೇಳನಕ್ಕೆ ಶನಿವಾರದ ಬಸ್ಸು

"ಸಲಿಕಿ ಯಾಕ ತಗೊಂಡಿ?" ತಿರಕಪ್ಪ ಮೂರನೆಯ ಸಲ ಕೇಳಿದ.

ಹೆಂಡತಿ ಮೈಲಾರವ್ವ ಸಾಮಾನು ಎಣಿಸುತ್ತಿದ್ದಳು. ಮೂವತ್ತು ರೊಟ್ಟಿ, ಶೇಂಗಾ ಚಟ್ನಿ, ಎರಡು ಸೀರೆ, ಒಂದು ಧೋತರ. ಎಲ್ಲವನ್ನೂ ಗಂಟು ಕಟ್ಟಿ ಸಲಿಕೆಯ ಹಿಡಿಗೆ ಸಿಕ್ಕಿಸಿ ಗಂಡನ ಹೆಗಲಿಗೇರಿಸಿದಳು. ಕುಬಿಹಾಳದಿಂದ ಹುಬ್ಬಳ್ಳಿಗೆ ಏಳರ ಬಸ್ಸು, ಅಲ್ಲಿಂದ ನವಲಗುಂದದ ಕಡೆಯ ಬಸ್ಸು, ಯಮನೂರಿನ ಹತ್ತಿರ ಇಳಿದು ಒಂದು ಹರದಾರಿ ನಡಿಗೆ. ವಾರದ ಹಿಂದೆಯೇ ಕಂಡಕ್ಟರನನ್ನು ಹಿಡಿದು ನಿಲ್ಲಿಸಿ ಇದನ್ನೆಲ್ಲ ಕೇಳಿಕೊಂಡಿದ್ದಳು.

"ಸಮ್ಮೇಳನ ಗುರುವಾರ. ಇವತ್ತ ಶನಿವಾರ."

"ಗೊತ್ತೈತಿ."

"ನಮ್ಮನ್ನ ಯಾರೂ ಕರದಿಲ್ಲ."

"ಅದೂ ಗೊತ್ತೈತಿ. ನಡೀರಿ."

ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ಸೋರದ ಹಾಗೆ ಮೇಲ್ಮುದ್ದೆ ಹಾಕುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಮೈಲಾರವ್ವನನ್ನು ಮೀರಿಸುವವರಿರಲಿಲ್ಲ. ಜೂನಿನ ಮಿರಗದ ಮಳೆಗೆ ಮುಂಚೆ ಬೆಳ್ಳನೆಯ ಸವಳು ಮಣ್ಣು ತಂದು, ಕಲಸಿ, ಹರವಿ, ಬಡಿದು ಕೂರಿಸಿದಳೆಂದರೆ ಆ ಮನೆಯವರು ಮಳೆಗಾಲವಿಡೀ ನಿಶ್ಚಿಂತೆಯಿಂದ ಮಲಗಬಹುದಿತ್ತು. ಎಂಬತ್ತೈದನೆಯ ಇಸವಿಯಲ್ಲಿ ಇಂಜಿನಿಯರ್ ಮಡಿವಾಳೆಪ್ಪ ಸಾಹೇಬರು ಹದಿನೈದು ದಿನ ಅವಳ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ಈ ವಿದ್ಯೆಯನ್ನು ಕೇಳಿ ಬರೆದುಕೊಂಡರು. ಚಹಾ ಕುಡಿದರು, ರೊಟ್ಟಿ ತಿಂದರು, ಒಂದು ಹಿಡಿ ಮಣ್ಣನ್ನು ಮಾತ್ರ ಮುಟ್ಟಿ ನೋಡಲಿಲ್ಲ.

ಮರುವರ್ಷ ಅವರ ಪುಸ್ತಕ ಬಂತು. ಅದರ ಬೆನ್ನಿಗೇ ನಾಲ್ಕು ಜಿಲ್ಲೆಗಳ ವಾಸ್ತುಶಿಲ್ಪಿಗಳ ಸಮ್ಮೇಳನವೂ ನಿಗದಿಯಾಯಿತು. ಅದು ನಡೆಯುವುದು ಪಟ್ಟಣದಲ್ಲಲ್ಲ, ಎರೆ ಹೊಲಗಳ ನಡುವಿನ ಒಂದು ಹಳೆಯ ವಾಡೆಯಲ್ಲಿ. ಅದೂ ಜೂನ್ ತಿಂಗಳಲ್ಲಿ. ಮಣ್ಣಿನ ಮಾಳಿಗೆಯನ್ನು ಮಳೆಯಲ್ಲೇ ನೋಡಬೇಕೆಂಬುದು ಸಾಹೇಬರ ಹಟ.

ಊರ ಶಾಲೆಯ ಬಸಣ್ಣ ಮಾಸ್ತರರು ಪುಸ್ತಕ ತಂದು ಓದಿ ಹೇಳಿದರು. ಮೈಲಾರವ್ವನ ಹೆಸರು ಎಲ್ಲೂ ಇರಲಿಲ್ಲ. ಮೂರನೆಯ ಪುಟದ ಒಂದು ಸಾಲನ್ನು ಅವಳು ಎರಡು ಸಲ ಓದಿಸಿದಳು. ಆಮೇಲೆ, ಸಮ್ಮೇಳನದಲ್ಲಿ ತನಗೂ ನಾಲ್ಕು ಮಾತಾಡಲು ಬಿಡಬೇಕೆಂದು ಮಾಸ್ತರರಿಂದಲೇ ಸಾಹೇಬರಿಗೆ ಕಾರ್ಡು ಬರೆಸಿದಳು. ಉತ್ತರ ಬೇಗ ಬಂತು: "ಇದು ತಜ್ಞರ ಸಭೆ. ಕೂಲಿಯವರಿಗೆ ಇಲ್ಲಿ ಕೆಲಸವಿಲ್ಲ."

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆದಾಗ ಹೊಟ್ಟೆ ಉರಿಯದೆ ಇರುತ್ತದೆಯೇ?

"ನನ್ನ ಇದ್ಯಾ ನನ್ನ ಬಾಯಿಂದನ ಆ ಮಂದಿ ಕೇಳಬೇಕು," ಎಂದು ಅವಳು ಅಂದೇ ಹೇಳಿಬಿಟ್ಟಿದ್ದಳು. ತಿರಕಪ್ಪನಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಹೆಂಡತಿಯ ಸಿಟ್ಟು ಅವನಿಗೆ ಇಪ್ಪತ್ತು ವರ್ಷದ ಪರಿಚಯ.

ವಾಡೆ ನೋಡಿಕೊಳ್ಳುತ್ತಿದ್ದ ಕಾಸೀಮಸಾಬ ಅವರನ್ನು ಕಂಡು ಹಿಗ್ಗಿದ. ಆ ವರ್ಷ ಮಾಳಿಗೆಗೆ ಮೇಲ್ಮುದ್ದೆಯೇ ಬಿದ್ದಿರಲಿಲ್ಲ. ಪುಕ್ಕಟೆ ಹಾಕಿಕೊಡುತ್ತೇನೆಂದರೆ ಬೇಡ ಅನ್ನುವವರಾರು? ಚಕ್ಕಡಿ ಕೊಟ್ಟ, ನೀರು ಕೊಟ್ಟ.

"ಮಾತಾಡೋರು ಎಲ್ಲಿ ನಿಂದರತಾರ್ರಿ ಸಾಬರ?" ಮೈಲಾರವ್ವ ಕೇಳಿದಳು.

"ಪಡಸಾಲ್ಯಾಗ, ಆ ನಡುಗಂಬದ ಬಾಜೂಕ. ಅಲ್ಲೇ ಟೇಬಲ್ ಹಾಕತೇವಿ."

ಅವಳು ಗೋಡೆಯಿಂದ ಕಂಬದವರೆಗೆ ಹೆಜ್ಜೆ ಹಾಕಿ ಎಣಿಸಿದಳು. ಕೂರಲು ಜಾಗ ನೋಡುತ್ತಿದ್ದಾಳೆ ಎಂದುಕೊಂಡ ತಿರಕಪ್ಪ.

ರವಿವಾರವಿಡೀ ಇಬ್ಬರೂ ಹಳ್ಳದ ದಂಡೆಯಿಂದ ಸವಳು ಮಣ್ಣು ಹೇರಿ ತಂದರು. ಸೋಮವಾರ ಅವನು ನೀರು ತಂದು ಮಾಳಿಗೆ ಹತ್ತಿದರೆ ಹೆಂಡತಿ ಮಗ್ಗುಲ ಹೊಲದ ಕರಿ ಮಣ್ಣನ್ನು ಬುಟ್ಟಿಯಿಂದ ಸುರಿಯುತ್ತಿದ್ದಳು. ತಿರಕಪ್ಪ ಓಡಿ ಬಂದು ಬುಟ್ಟಿ ಹಿಡಿದ. ಬಿಸಿಲಿಗೆ ಎರೆ ಮಣ್ಣು ಬೆರಳು ತೂರುವಷ್ಟು ಬಿರಿಯುತ್ತದೆಂಬುದು ಈ ಸೀಮೆಯ ಕೂಸಿಗೂ ಗೊತ್ತು.

"ಲೇ, ಎರಿ ಮಣ್ಣ ಮಾಳಿಗಿಗೆ ಹಾಕತಾರೇನ? ಸೋರತೈತಿ!"

"ನೀವು ಕೆಳಗ ಹೋಗಿ ಚಾ ಕಾಸ್ರಿ."

ಚಹಾ ಆದ ಮೇಲೂ ಅವನನ್ನು ಕೆಳಗೇ ದುಡಿಸಿದಳು; ಸಂಜೆ ಅವನು ಮತ್ತೆ ಮೇಲೆ ಬರುವಷ್ಟರಲ್ಲಿ ಮಾಳಿಗೆಯೆಲ್ಲ ಸೆಗಣಿ ಸಾರಿಸಿಯಾಗಿತ್ತು. ಅಡಿಯಲ್ಲಿ ಎಲ್ಲಿ ಯಾವ ಮಣ್ಣಿದೆಯೋ ದೇವರೇ ಬಲ್ಲ.

ಎರಡು ದಿನ ಸುಡುಬಿಸಿಲು. ಎರಡು ದಿನವೂ ತಿರಕಪ್ಪ ಬೇಡಿಕೊಂಡ. "ಮಳಿ ಬರೂದರಾಗ ಊರಿಗೆ ಹೋಗೂಣು. ಸಭಾ ಕೆಟ್ಟರ ಪೊಲೀಸರು ಬರತಾರ."

"ಬರಲಿ. ಅವರೂ ಕೇಳಲಿ."

ಗುರುವಾರ ಅರವತ್ತು ಮಂದಿ ತಜ್ಞರು ಬಂದರು. ಮೈಲಾರವ್ವ ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಪಡಸಾಲೆಗೆ ನಡೆದಳು. ಬಾಗಿಲಲ್ಲಿದ್ದವನು ಅಡ್ಡಗೈ ಮಾಡಿದ. "ಚಾ ಮಾಡೋರು ಹಿತ್ತಲದಾಗ್ರಿ."

"ನಾ ಚಾ ಕುಡಿಯಾಕ ಬಂದಾಕಿ," ಎಂದು ಅವಳು ಒಳಗೆ ಹೋಗಿ ಕೂತೇಬಿಟ್ಟಳು. ತಿರಕಪ್ಪ ಅವಳ ಹಿಂದೆ ಕುಕ್ಕರಿಸಿದ.

ಸಾಹೇಬರು ಎದ್ದು ನಿಲ್ಲುವುದಕ್ಕೂ ಮಳೆ ಶುರುವಾಗುವುದಕ್ಕೂ ಸರಿಹೋಯಿತು. ಅವರಿಗೆ ಖುಷಿಯೋ ಖುಷಿ. "ನೋಡಿರಿ, ನಾನು ಬರೆದ ಪದ್ಧತಿಯಂತೆ ಮಾಡಿದರೆ ಒಂದು ಹನಿ ನೀರೂ ಒಳಗೆ ಬರುವುದಿಲ್ಲ," ಎಂದರು.

ಅವರ ಕನ್ನಡಕದ ಮೇಲೆ ಹನಿ ಬಿತ್ತು. ಕಾಗದದ ಮೇಲೆ ಇನ್ನೊಂದು. ಆಮೇಲೆ ಧಾರೆಯೇ ಹಿಡಿಯಿತು.

ಇನ್ನು ಇಡೀ ಮಾಳಿಗೆ ಸೋರಿ ಎಲ್ಲರೂ ತೋಯುತ್ತಾರೆ, ಎಲ್ಲರೂ ಸೇರಿ ಬಡಿಯುತ್ತಾರೆ ಎಂದು ತಿರಕಪ್ಪ ಕಣ್ಣು ಮುಚ್ಚಿದ. ತಲೆಯ ಮೇಲೆ ಏನೂ ಬೀಳಲಿಲ್ಲ. ಕಣ್ಣು ಬಿಟ್ಟ. ಅರವತ್ತು ಮಂದಿ ಬೆಚ್ಚಗೆ ಕೂತಿದ್ದರು. ತೊಯ್ದು ತಪ್ಪಡಿಯಾದವರು ಸಾಹೇಬರೊಬ್ಬರೇ.

"ಈ ಮಾಳಿಗಿ ಮಾಡಿದವರು ಯಾರು?" ಅಧ್ಯಕ್ಷತೆ ವಹಿಸಿದ್ದ ಮುದುಕರು ಕೇಳಿದರು. ಕಾಸೀಮಸಾಬ ಮೈಲಾರವ್ವನ ಕಡೆ ಬೆರಳು ತೋರಿಸಿದ.

"ಈಕೆ ಬೇಕಂತಲೇ ಕೆಡಿಸಿದ್ದಾಳೆ!" ಸಾಹೇಬರು ಕಿರುಚಿದರು.

ಮುದುಕರು ಅವರ ಕಡೆ ನೋಡಲಿಲ್ಲ. "ಮುಂದ ಬಾ ತಂಗಿ. ಇಷ್ಟು ದೊಡ್ಡ ಮಾಳಿಗ್ಯಾಗ ಅದೊಂದ ಜಾಗಾ ಯಾಕ ಸೋರತೈತಿ, ಹೇಳು."

ಮೈಲಾರವ್ವ ಎದ್ದು ಎಲ್ಲರ ನಡುವೆ ನಡೆದು ಮುಂದೆ ಬಂದು ನಿಂತಳು. "ಉಳಿದದ್ದೆಲ್ಲಾ ನನ್ನ ಪದ್ಧತಿಯಂಗ ಸವಳ ಮಣ್ಣ ಹಾಕೇನ್ರಿ, ಸಾಹೇಬ್ರ ತೆಲಿ ಮ್ಯಾಲಿಂದಷ್ಟ, ಅವರು ಪುಸ್ತಕದ ಮೂರನೇ ಪುಟದಾಗ ಬರದಂಗ ಎರಿ ಮಣ್ಣ ಹಾಕೇನಿ."